ಎಂಟು ಗದ್ದೆ ಏಕೆ ಸಾಲದು?

ಸಿಂಧನೂರು ಸೀಮೆಯಲ್ಲಿ ಭತ್ತ ಬೆಳೆಯುವ ಯಾವ ರೈತನೂ ಒಪ್ಪಲಾರದ ತೀರ್ಪೊಂದುಂಟು. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದ ಗದ್ದೆಯಲ್ಲಿ ಬಿಪಿಟಿ ತಳಿಯನ್ನೂ ಕೊನೆಭಾಗದ ಗದ್ದೆಯಲ್ಲಿ ಆರ್‌ಎನ್‌ಆರ್ ತಳಿಯನ್ನೂ ನಾಟಿಮಾಡಿ, ಸುಗ್ಗಿಯಲ್ಲಿ ಚೀಲಗಳನ್ನೆಣಿಸಿ, ಹೆಚ್ಚು ಚೀಲ ಕೊಟ್ಟದ್ದೇ ಉತ್ತಮ ತಳಿಯೆಂದು ಯಾರಾದರೂ ಸಾರಿದರೆ, ನೀರು ಮೊದಲು ಹಾಯುವ ನೆಲಕ್ಕೂ ಸರದಿಗಾಗಿ ಕಾಯುವ ನೆಲಕ್ಕೂ ಇರುವ ಅಂತರವನ್ನು ಬಲ್ಲ ಆ ರೈತನು, ಗೆದ್ದದ್ದು ತಳಿಯೋ ನಾಲೆಯೋ ಎಂದು ಕೂಡಲೇ ಕೇಳುವನು. ಕೇಳತಕ್ಕ ಪ್ರಶ್ನೆಯೂ ಅದೇ. ಎರಡು ತಳಿಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಅವೆರಡೂ ಒಂದೇ ಗದ್ದೆಯ ನೆರೆಹೊರೆಯ ಮಡಿಗಳಲ್ಲಿ, ಒಂದೇ ಮಣ್ಣನ್ನೂ ಒಂದೇ ನೀರನ್ನೂ ಉಂಡು ಬೆಳೆಯಬೇಕು.

ತಳಿಗಳು ಎರಡೇ ಆದರೆ ಇದು ಸುಲಭವಾದ ಕಾರ್ಯ. ಆದರೆ ಗಂಗಾವತಿ ಸೋನಾ ಎಂಬ ತಳಿಯನ್ನು ನಾಡಿಗಿತ್ತ ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಂತಹ ಸ್ಥಳಗಳಲ್ಲಿ ಹೋಲಿಸಬೇಕಾದ ತಳಿಗಳು ಒಂದೆರಡಲ್ಲ. ಮಣ್ಣು, ಇಳಿಜಾರು, ನೀರು ಈ ಮೂರೂ ಒಂದೇ ಸಮನಾಗಿರುವ ನೆಲದ ತುಂಡಾದರೋ ಚಿಕ್ಕದು. ಎಲ್ಲ ತಳಿಗಳಿಗೂ ಅದರಲ್ಲಿ ಎಡೆ ದೊರೆಯದು. ಹೀಗಿರಲು ಪ್ರತಿಯೊಂದು ಗದ್ದೆಯಲ್ಲಿಯೂ ಕೆಲವೇ ತಳಿಗಳನ್ನು ನಾಟಿಮಾಡಿ, ಒಟ್ಟಿನಲ್ಲಿ ಯಾವ ಎರಡು ತಳಿಗಳನ್ನು ತೆಗೆದುಕೊಂಡರೂ ಅವು ಒಂದೇ ಗದ್ದೆಯಲ್ಲಿ ಭೇಟಿಯಾಗುವ ಸಂದರ್ಭಗಳ ಸಂಖ್ಯೆ ಸಮವಾಗಿರುವಂತೆ ಏರ್ಪಡಿಸುವುದೊಂದೇ ನ್ಯಾಯವಾದ ಮಾರ್ಗ. ಹಾಗೆ ಏರ್ಪಡಿಸಲು ಎಷ್ಟು ಕಡಿಮೆ ಗದ್ದೆಗಳು ಸಾಕು?

ಇದು ಎಣಿಕೆಯ ಪ್ರಶ್ನೆ. ವಸ್ತುಗಳನ್ನು ಗುಂಪುಗೂಡಿಸುವ ವಿಧಗಳನ್ನು ವಿಚಾರಿಸುವ ಜೋಡಣೆಯ ಗಣಿತಕ್ಕೆ ಸೇರಿದ್ದು. ಆದರೆ ಇದರ ಉತ್ತರವು ಎಣಿಕೆಯಿಂದಲ್ಲದೆ, ಪ್ರೌಢಶಾಲೆಯ ಹುಡುಗರು ಎರಡು ಸಮೀಕರಣಗಳನ್ನು ಬಿಡಿಸುವಾಗ ಮೊದಲ ಪರಿಚಯವನ್ನು ಪಡೆಯುವ ರೇಖೀಯ ಬೀಜಗಣಿತದಿಂದ ದೊರೆಯಿತೆಂಬುದು ಸೋಜಿಗ. ಆ ಉತ್ತರದ ಹಿಂದಿರುವ ಯುಕ್ತಿ ಒಂದೇ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಪೋಣಿಸಿರುವ ಹೆದ್ದಾರಿಯ ಇಕ್ಕೆಲಗಳಿಂದ ಆರಿಸಿದ ಉದಾಹರಣೆಗಳಲ್ಲಿ ಅದನ್ನು ಹಿಂಬಾಲಿಸಿ ನೋಡೋಣ.

ಏಳು ತಳಿ, ಏಳು ಗದ್ದೆ

ಮೊದಲು ಸಾಧ್ಯವಾಗುವ ಏರ್ಪಾಟೊಂದನ್ನು ಕಣ್ಣಾರೆ ಕಾಣುವುದು ಒಳ್ಳೆಯದು. ತಳಿಗಳು 7, ಅವಕ್ಕೆ 1ರಿಂದ 7ರವರೆಗೆ ಅಂಕೆಗಳನ್ನಿಡೋಣ. ಒಂದು ಗದ್ದೆಗೆ ಮೂರೇ ಮಡಿಗಳು. ಮೊದಲನೆಯ ಗದ್ದೆಯಲ್ಲಿ 1, 2, 4; ಎರಡನೆಯದರಲ್ಲಿ 2, 3, 5; ಮೂರನೆಯದರಲ್ಲಿ 3, 4, 6; ನಾಲ್ಕನೆಯದರಲ್ಲಿ 4, 5, 7; ಐದನೆಯದರಲ್ಲಿ 5, 6, 1; ಆರನೆಯದರಲ್ಲಿ 6, 7, 2; ಏಳನೆಯದರಲ್ಲಿ 7, 1, 3. ಪ್ರತಿಯೊಂದು ಗದ್ದೆಯೂ ಹಿಂದಿನದಕ್ಕಿಂತ ಒಂದೊಂದು ಅಂಕೆ ಮುಂದೆ ಸರಿದಿದೆ. 7 ಆದಮೇಲೆ ಮರಳಿ 1. ಈಗ ಮನಸ್ಸಿಗೆ ಬಂದ ಯಾವ ಎರಡು ತಳಿಗಳನ್ನಾದರೂ ಆರಿಸಿಕೊಳ್ಳಿ. 3 ಮತ್ತು 7 ಆದರೆ ಅವು ಏಳನೆಯ ಗದ್ದೆಯಲ್ಲಿ ಮಾತ್ರ ಭೇಟಿಯಾಗುವವು. 2 ಮತ್ತು 6 ಆದರೆ ಆರನೆಯದರಲ್ಲಿ ಮಾತ್ರ. ಜೋಡಿಗಳು ಒಟ್ಟು 21. ಪ್ರತಿಯೊಂದಕ್ಕೂ ಒಂದೇ ಭೇಟಿ, ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿದ್ದ ಫ್ರಾಂಕ್ ಯೇಟ್ಸ್ 1936ರಲ್ಲಿ ಬೇಸಾಯದ ಪ್ರಯೋಗಗಳಿಗೆ ತಂದ ಈ ಬಗೆಯ ಏರ್ಪಾಟನ್ನು ನಾವು ಸಮತೂಕದ ಏರ್ಪಾಟು ಎಂದು ಕರೆಯಬಹುದು.

ಎಣಿಕೆ ಒಪ್ಪಿದರೂ ನೆಲ ಒಪ್ಪದು

ಈಗ ತಳಿಗಳು 16, ಒಂದು ಗದ್ದೆಗೆ ಆರು ಮಡಿಗಳು ಎಂದಿಟ್ಟುಕೊಳ್ಳೋಣ. 16 ತಳಿಗಳಲ್ಲಿ 120 ಜೋಡಿಗಳು. ಆರು ತಳಿಗಳಿರುವ ಒಂದು ಗದ್ದೆ 15 ಜೋಡಿಗಳನ್ನು ಭೇಟಿಮಾಡಿಸುತ್ತದೆ. ಆದುದರಿಂದ 8 ಗದ್ದೆಗಳು ಸರಿಯಾಗಿ 120 ಭೇಟಿಗಳನ್ನು ಒದಗಿಸುವವು. ಒಂದು ತಳಿಯ ಕಡೆಯಿಂದ ನೋಡಿದರೆ ಅದಕ್ಕೆ ಜೊತೆಗಾರರು 15, ಒಂದು ಗದ್ದೆಯಲ್ಲಿ ದೊರೆಯುವವರು 5. ಎಂದಮೇಲೆ ಪ್ರತಿಯೊಂದು ತಳಿಯೂ ಮೂರು ಗದ್ದೆಗಳಲ್ಲಿ ಕಾಣಿಸಿಕೊಳ್ಳಬೇಕು. ಮಡಿಗಳ ಮೊತ್ತವೂ ಎರಡು ಕಡೆಯಿಂದಲೂ 48. ಲೆಕ್ಕದಲ್ಲಿ ಎಲ್ಲಿಯೂ ಭಿನ್ನರಾಶಿ ಬಂದಿಲ್ಲ, ಎಲ್ಲಿಯೂ ಶೇಷ ಉಳಿದಿಲ್ಲ. ಆದರೂ ಹಾಳೆಯ ಮೇಲೆ ಈ ಎಂಟು ಗದ್ದೆಗಳನ್ನು ತುಂಬಲು ಕುಳಿತವರು ಎಷ್ಟು ಹೊತ್ತು ಪ್ರಯಾಸಪಟ್ಟರೂ ಅದು ಕೂಡಿಬರದು.

ಏಕೆ ಕೂಡಿಬರದೆಂಬುದನ್ನು ಈ ಒಂದು ಸಂದರ್ಭದಲ್ಲಿ ಸುಲಭವಾಗಿ ತೋರಿಸಬಹುದು. ಒಂದು ಗದ್ದೆಯ ಆರು ತಳಿಗಳಲ್ಲಿ ಪ್ರತಿಯೊಂದೂ ಇನ್ನೆರಡು ಗದ್ದೆಗಳಲ್ಲಿ ಇರಬೇಕಷ್ಟೆ. ಈ ಗದ್ದೆಯ ಎರಡು ತಳಿಗಳು ಬೇರೊಂದು ಗದ್ದೆಯಲ್ಲಿ ಮತ್ತೆ ಕೂಡಲಾಗದು. ಆದುದರಿಂದ 12 ಬೇರೆ ಗದ್ದೆಗಳು ಬೇಕು, ಇರುವುದು ಏಳು. ಆದರೆ 25 ತಳಿಗಳನ್ನು, ಗದ್ದೆಗೆ ಹತ್ತರಂತೆ, 20 ಗದ್ದೆಗಳಲ್ಲಿ, ಪ್ರತಿಯೊಂದು ಜೋಡಿಯೂ ಮೂರು ಸಲ ಕೂಡುವಂತೆ ನಾಟಿಮಾಡಬಹುದೇ ಎಂದು ಕೇಳಿದರೆ, ಅಲ್ಲಿಯೂ ಎಲ್ಲ ಲೆಕ್ಕಗಳೂ ಶೇಷವಿಲ್ಲದೆ ಹೊಂದುವುವಾದರೂ, ಹೀಗೆ ಒಂದೇ ನೋಟಕ್ಕೆ ಕೆಡಹುವ ಉಪಾಯ ತೋರದು.

ಆಧುನಿಕ ಸಂಖ್ಯಾಶಾಸ್ತ್ರದ ಪ್ರವರ್ತಕರಲ್ಲಿ ಅಗ್ರಗಣ್ಯನಾದ ರೊನಾಲ್ಡ್ ಫಿಷರ್ 1940ರಲ್ಲಿ ಈ ಎಲ್ಲ ಸಂದರ್ಭಗಳಿಗೂ ಒಂದೇ ಮಾತಿನ ತೀರ್ಮಾನವನ್ನು ಕೊಟ್ಟನು: ಸಮತೂಕದ ಏರ್ಪಾಟಿನಲ್ಲಿ, ಒಂದು ಗದ್ದೆ ಎಲ್ಲ ತಳಿಗಳನ್ನೂ ಒಳಗೊಳ್ಳಲಾರದೆ ಇರುವಾಗ, ಗದ್ದೆಗಳ ಸಂಖ್ಯೆ ತಳಿಗಳ ಸಂಖ್ಯೆಗಿಂತ ಎಂದಿಗೂ ಕಡಿಮೆಯಾಗಲಾರದು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬಹುಕಾಲ ದುಡಿದ ರಾಜಚಂದ್ರ ಬೋಸರು 1949ರಲ್ಲಿ ಪುಟ್ಟ ಟಿಪ್ಪಣಿಯೊಂದರಲ್ಲಿ ಅದಕ್ಕೆ ರೇಖೀಯ ಬೀಜಗಣಿತದ ಸಾಧನೆಯನ್ನು ಒದಗಿಸಿದರು. ಬೋಸರು ಕೋಷ್ಟಕಗಳ ಭಾಷೆಯಲ್ಲಿ ಹೇಳಿದುದನ್ನು ಆಡುಮಾತಿಗೆ ಇಳಿಸುವ ಮುನ್ನ ಒಂದು ಪೂರ್ವಸಿದ್ಧತೆ ಅವಶ್ಯಕ. ಅದಕ್ಕಾಗಿ ಸಾವಿರಕ್ಕೂ ಮಿಕ್ಕ ವರ್ಷಗಳ ಹಿಂದಕ್ಕೆ, ಇದೇ ಕಲ್ಯಾಣ ಕರ್ನಾಟಕದ ಇನ್ನೊಂದು ಊರಿಗೆ ಹೋಗಬೇಕು.

ಮಾನ್ಯಖೇಟದ ಹಣ್ಣುಗಳು

ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಒಂಬತ್ತನೆಯ ಶತಮಾನದ ನಡುವಿನಲ್ಲಿ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ನಿಯಮ ಅದರಲ್ಲಿದೆ. ಷಡ್ರಸಗಳ ಮಿಶ್ರಣಗಳೇ ಅದಕ್ಕೆ ಉದಾಹರಣೆ. ಅದೇ ಗ್ರಂಥದ ಇನ್ನೊಂದೆಡೆ ಹಣ್ಣುಗಳ ಕ್ರಯದ ಪ್ರಶ್ನೆಯೊಂದಿದೆ: 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಕೂಡಿ ಬೆಲೆ 107, 7 ಮಾದಳಕ್ಕೂ 9 ಬೇಲಕ್ಕೂ ಕೂಡಿ 101, ಒಂದೊಂದರ ಬೆಲೆ ಎಷ್ಟು? ಮಾದಳಕ್ಕೆ 8, ಬೇಲಕ್ಕೆ 5 ಎಂಬುದು ಉತ್ತರ. ಜೋಡಣೆಯ ಗಣಿತವೂ ರೇಖೀಯ ಬೀಜಗಣಿತವೂ ಹೀಗೆ ಒಂದೇ ಗ್ರಂಥದಲ್ಲಿ ವಾಸವಾಗಿದ್ದರೂ ಒಂದು ಇನ್ನೊಂದರ ನೆರವಿಗೆ ಬರುವ ಪ್ರಸಂಗ ಅಲ್ಲಿ ಒದಗಲಿಲ್ಲ. ಅದು ಇಪ್ಪತ್ತನೆಯ ಶತಮಾನದ ಕೆಲಸವಾಯಿತು.

ಹಣ್ಣಿನ ಪ್ರಶ್ನೆಯಲ್ಲಿ ಗಮನಿಸತಕ್ಕದ್ದು ಇಷ್ಟು. ತಿಳಿಯದ ಬೆಲೆಗಳು ಎರಡು, ತಿಳಿದ ಸಂಗತಿಗಳು ಎರಡು. ಆದುದರಿಂದ ಬೆಲೆಗಳು ನಿಶ್ಚಿತವಾದುವು. ಒಂದೊಂದು ಸಂಗತಿಯನ್ನು ಬಳಸಿ ಒಂದೊಂದು ಅಜ್ಞಾತವನ್ನು ಉಳಿದವುಗಳ ಮೂಲಕ ಹೇಳಿ ತೊಲಗಿಸುವುದೇ ಇಲ್ಲಿಯ ರೀತಿ. ಅಜ್ಞಾತಗಳು ಮೂರಿದ್ದು ಸಂಗತಿಗಳು ಎರಡೇ ಆದರೆ, ಎರಡನ್ನು ತೊಲಗಿಸಿದ ಮೇಲೂ ಒಂದು ಸ್ವತಂತ್ರವಾಗಿ ಉಳಿಯುತ್ತದೆ. ಅದಕ್ಕೆ ನಮಗಿಷ್ಟವಾದ ಬೆಲೆಯನ್ನು ಕೊಡಬಹುದು. ಎಲ್ಲ ಮೊತ್ತಗಳೂ ಸೊನ್ನೆಯೆಂದು ಹೇಳಿರುವ ಪಕ್ಷದಲ್ಲಿ ಇದರ ಫಲ ಹೀಗೆ: ಅಜ್ಞಾತಗಳು ಸಂಗತಿಗಳಿಗಿಂತ ಒಂದಾದರೂ ಹೆಚ್ಚಾಗಿದ್ದರೆ, ಎಲ್ಲವೂ ಸೊನ್ನೆ ಎಂಬ ನಿಸ್ಸಾರವಾದ ಉತ್ತರವಲ್ಲದೆ, ಸೊನ್ನೆಯಲ್ಲದ ಮತ್ತೊಂದು ಉತ್ತರವೂ ಇದ್ದೇ ತೀರುವುದು. ಈ ಅಧ್ಯಾಯದ ಜೀವಾಳ ಇದೊಂದೇ ವಾಕ್ಯ.

ಸೊನ್ನೆ ಶಿಲ್ಕಿನ ಖಾತೆ

ಈಗ 16 ತಳಿಗಳಿಗೂ ಅಂಗಡಿಯ ಖಾತೆಯಲ್ಲಿ ಬರೆಯುವಂತೆ ಒಂದೊಂದು ಮೊತ್ತವನ್ನು ಬರೆಯೋಣ. ಕೆಲವಕ್ಕೆ ಜಮೆ, ಕೆಲವಕ್ಕೆ ಖರ್ಚು, ಕೆಲವಕ್ಕೆ ಬರಿಯ ಸೊನ್ನೆ. ಒಂದು ಗದ್ದೆಯಲ್ಲಿರುವ ಆರು ತಳಿಗಳ ಮೊತ್ತವನ್ನು ಕೂಡಿದರೆ ಬರುವುದು ಆ ಗದ್ದೆಯ ಶಿಲ್ಕು. ಎಂಟು ಗದ್ದೆಗಳ ಶಿಲ್ಕೂ ಸೊನ್ನೆಯಾಗಬೇಕೆಂದು ನಿಬಂಧನೆ ಹಾಕೋಣ. ಅಜ್ಞಾತಗಳು 16, ನಿಬಂಧನೆಗಳು 8. ಆದುದರಿಂದ, ಮೇಲಿನ ವಾಕ್ಯದಂತೆ, ಎಲ್ಲ ಮೊತ್ತಗಳೂ ಸೊನ್ನೆಯಾಗಿರದ, ಆದರೂ ಪ್ರತಿಯೊಂದು ಗದ್ದೆಯ ಶಿಲ್ಕನ್ನೂ ಸೊನ್ನೆಗಿಳಿಸುವ ಖಾತೆಯೊಂದು ಇದ್ದೇ ಇರಬೇಕು.

ಆ ಖಾತೆಯನ್ನು ಹಿಡಿದು ಪ್ರತಿಯೊಂದು ಗದ್ದೆಯ ಶಿಲ್ಕನ್ನೂ ಅದರಿಂದಲೇ ಗುಣಿಸಿ ಎಂಟನ್ನೂ ಕೂಡಿದರೆ ಸೊನ್ನೆಯೇ ಬರುವುದಷ್ಟೆ. ಆದರೆ ಆ ಗುಣಾಕಾರವನ್ನು ಬಿಡಿಸಿ ನೋಡಿದರೆ, ಗದ್ದೆಯ ಪ್ರತಿಯೊಂದು ತಳಿಯ ಮೊತ್ತವೂ ತನ್ನೊಡನೆ ತಾನು ಗುಣಿಸಿಕೊಂಡು ಒಂದು ಸಲ, ಪ್ರತಿಯೊಂದು ಜೋಡಿಯ ಗುಣಲಬ್ಧವೂ ಎರಡು ಸಲ ಬರುತ್ತದೆ. ಎಲ್ಲ ಗದ್ದೆಗಳನ್ನೂ ಕೂಡಿದಾಗ, ಒಂದು ತಳಿ ಮೂರು ಗದ್ದೆಗಳಲ್ಲಿರುವುದರಿಂದ ಅದರ ವರ್ಗ ಮೂರು ಸಲ, ಒಂದು ಜೋಡಿ ಒಂದೇ ಗದ್ದೆಯಲ್ಲಿ ಕೂಡುವುದರಿಂದ ಅದರ ಗುಣಲಬ್ಧ ಎರಡೇ ಸಲ. ಈಗ ಆ ಮೂರು ವರ್ಗಗಳಲ್ಲಿ ಒಂದನ್ನು ಮಾತ್ರ ತೆಗೆದು, ಎಲ್ಲ ಜೋಡಿಗಳ ಇಮ್ಮಡಿ ಗುಣಲಬ್ಧಗಳೊಡನೆ ಸೇರಿಸಿದರೆ, ಅದು 16 ಮೊತ್ತಗಳನ್ನೂ ಒಟ್ಟಾಗಿ ಕೂಡಿ ವರ್ಗಮಾಡಿದುದಕ್ಕೆ ಸರಿಸಮವಾಗುತ್ತದೆ. ಉಳಿದದ್ದು ಪ್ರತಿಯೊಂದು ತಳಿಯ ವರ್ಗದ ಎರಡೆರಡು ಪ್ರತಿಗಳು.

ವರ್ಗವೆಂಬುದು ಎಂದಿಗೂ ಋಣವಾಗಲಾರದು. ಸಾಲವನ್ನು ಸಾಲದಿಂದ ಗುಣಿಸಿದರೂ ಬರುವುದು ಧನಸಂಖ್ಯೆಯೇ. ಮೊದಲನೆಯ ಭಾಗ ಸೊನ್ನೆಯಾಗಿರಬಹುದು, ಧನವಾಗಿರಬಹುದು. ಎರಡನೆಯ ಭಾಗವಾದರೋ, ಖಾತೆಯಲ್ಲಿ ಸೊನ್ನೆಯಲ್ಲದ ಮೊತ್ತ ಒಂದಾದರೂ ಇರುವುದರಿಂದ, ನಿಶ್ಚಯವಾಗಿ ಧನ. ಹಾಗಾದರೆ ಸೊನ್ನೆಯು ಸೊನ್ನೆಗಿಂತ ದೊಡ್ಡದಾದ ಸಂಖ್ಯೆಗೆ ಸಮನೆಂದಾಯಿತು. ಇದು ಅಸಂಗತ. ಅಂಥ ಖಾತೆ ಇಲ್ಲ. ಖಾತೆ ಇಲ್ಲವೆಂದಮೇಲೆ ಎಂಟು ಗದ್ದೆಗಳ ಏರ್ಪಾಟೂ ಇಲ್ಲ.

ಇಲ್ಲಿ 16, 8, 6 ಎಂಬ ಅಂಕೆಗಳಿಗೆ ವಿಶೇಷ ಮಹತ್ತ್ವವಿಲ್ಲ. ಒಂದು ತಳಿ ಇರುವ ಗದ್ದೆಗಳ ಸಂಖ್ಯೆಯು ಅದು ಬೇರೊಂದು ತಳಿಯೊಡನೆ ಕೂಡುವ ಗದ್ದೆಗಳ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಸಾಕು. ಯಾವ ಗದ್ದೆಯೂ ಎಲ್ಲ ತಳಿಗಳನ್ನೂ ಒಳಗೊಂಡಿಲ್ಲವಾದ ಕಾರಣ ಅದು ತಾನಾಗಿಯೇ ಸಿದ್ಧಿಸುತ್ತದೆ. 25 ತಳಿಗಳಿಗೆ 20 ಗದ್ದೆಗಳೆಂಬ ಏರ್ಪಾಟೂ ಇದೇ ಏಟಿಗೆ ಬೀಳುತ್ತದೆ. 7 ತಳಿಗಳಿಗೆ 7 ಗದ್ದೆಗಳೆಂಬುದು ಇದಕ್ಕಿಂತ ಮಿತವ್ಯಯವಾಗಿರಲಾರದೆಂಬುದೂ ವಿದಿತವಾಗುತ್ತದೆ.

ಮಸ್ಕಿಯಲ್ಲೊಂದು ಕಲ್ಪಿತ ಶಾಸನ

ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಹೋಗುವಾಗ ನಡುವೆ ಸಿಗುವ ಮಸ್ಕಿಯಲ್ಲಿ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಬಂಡೆಯ ಮೇಲೆ ಕಂಡ ಶಾಸನದಿಂದ, ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಶಾಸನಗಳಿಗೆ ಹೆಸರಾದ ಆ ಊರಿನ ನೆರೆಯಲ್ಲಿ 20 ಜನರ ಒಂದು ಹಟ್ಟಿಯನ್ನು ಕಲ್ಪಿಸಿಕೊಂಡು, ಅಲ್ಲಿಯ ಸಂಘಗಳಿಗೆ ನಾವೂ ಒಂದು ಶಾಸನವನ್ನು ವಿಧಿಸೋಣ. ಮೊದಲನೆಯ ವಿಧಿ: ಪ್ರತಿಯೊಂದು ಸಂಘದಲ್ಲಿಯೂ ಸಮಸಂಖ್ಯೆಯ ಸದಸ್ಯರಿರಬೇಕು. ಎರಡನೆಯದು: ಯಾವ ಎರಡು ಸಂಘಗಳಿಗೂ ಸಮಾನರಾದ ಸದಸ್ಯರ ಸಂಖ್ಯೆಯೂ ಸಮವಾಗಿರಬೇಕು. 20 ಮಂದಿ ಹತ್ತು ದಂಪತಿಗಳಾಗಿದ್ದು, ಗಂಡಹೆಂಡಿರು ಎಲ್ಲಿಗೆ ಸೇರಿದರೂ ಒಟ್ಟಿಗೇ ಸೇರುವರಾದರೆ ಎರಡು ವಿಧಿಗಳೂ ನೆರವೇರುವುವು. ಸಂಘಗಳು 1,023ರವರೆಗೆ ಬೆಳೆಯಬಹುದು.

ಇನ್ನು ಮೊದಲನೆಯ ವಿಧಿಯಲ್ಲಿ ಒಂದೇ ಮಾತನ್ನು ಬದಲಿಸಿ, ಪ್ರತಿಯೊಂದು ಸಂಘದಲ್ಲಿಯೂ ಬೆಸಸಂಖ್ಯೆಯ ಸದಸ್ಯರಿರಬೇಕು ಎನ್ನೋಣ. ಎರಡನೆಯ ವಿಧಿ ಹಾಗೆಯೇ ಇರಲಿ. ಸಾವಿರದ ಮೇಲಿದ್ದ ಮಿತಿ ಈಗ 20ಕ್ಕೆ ಕುಸಿಯುತ್ತದೆ! ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪನು 1969ರಲ್ಲಿ ತೋರಿಸಿದ ಈ ಆಶ್ಚರ್ಯಕ್ಕೂ ಕಾರಣ ಆ ಖಾತೆಯೇ. ಆದರೆ ಇಲ್ಲಿ ಖಾತೆಯನ್ನು ಸಂಘಗಳಿಗೆ ಬರೆಯಬೇಕು, ಮತ್ತು ಬರೆಯುವ ಮೊತ್ತ ಒಂದು ಅಥವಾ ಸೊನ್ನೆ ಮಾತ್ರ, ಸಮವಾದದ್ದೆಲ್ಲವೂ ಸೊನ್ನೆಯೆಂದೇ ಲೆಕ್ಕ. ಸಂಘಗಳು 21 ಇದ್ದರೆ ಅಜ್ಞಾತಗಳು 21, ಜನರಿಗೊಂದರಂತೆ ನಿಬಂಧನೆಗಳು 20; ಆದುದರಿಂದ ಕೆಲವು ಸಂಘಗಳನ್ನು, ಹಟ್ಟಿಯ ಪ್ರತಿಯೊಬ್ಬನೂ ಅವುಗಳಲ್ಲಿ ಸಮಸಂಖ್ಯೆಯಷ್ಟಕ್ಕೆ ಸದಸ್ಯನಾಗಿರುವಂತೆ, ಆರಿಸಲು ಸಾಧ್ಯ. ಆ ಆಯ್ಕೆಯಲ್ಲಿನ ಒಂದು ಸಂಘವನ್ನು ಹಿಡಿದು, ಅದರ ಸದಸ್ಯರು ಆಯ್ಕೆಯ ಎಲ್ಲ ಸಂಘಗಳಲ್ಲಿಯೂ ಪಡೆದಿರುವ ಸದಸ್ಯತ್ವಗಳನ್ನು ಎಣಿಸಿರಿ. ಸದಸ್ಯನೊಬ್ಬೊಬ್ಬನಂತೆ ಎಣಿಸಿದರೆ ಮೊತ್ತ ಸಮ. ಸಂಘವೊಂದೊಂದರಂತೆ ಎಣಿಸಿದರೆ, ಬೇರೆ ಸಂಘಗಳೊಡನೆ ಬರುವುದೆಲ್ಲ ಸಮ, ತನ್ನೊಡನೆ ತಾನು ಬರುವುದು ಬೆಸ, ಮೊತ್ತ ಬೆಸ. ಒಂದೇ ಸಂಖ್ಯೆ ಸಮವೂ ಬೆಸವೂ ಆಗಲಾರದೆಂಬುದರಿಂದ 21ನೆಯ ಸಂಘಕ್ಕೆ ಅವಕಾಶವಿಲ್ಲ.

ಹಡಗಲಿಯ ರಾವ್, ಹಟ್ಟಿಯ ತಕ್ಕಡಿ

ತುಂಗಭದ್ರೆಯ ನೀರು ಅಣೆಕಟ್ಟನ್ನು ಸೇರುವ ಮುನ್ನ ಹಾದುಬರುವ ಸೀಮೆಯ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು, ತೆಲುಗು ಮನೆಮಾತಿನ ಕುಟುಂಬವೊಂದರಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ಬೋಸರ ಬಳಿ ಕಲಿತು, ಕೇಂಬ್ರಿಜ್‌ನಲ್ಲಿ ಫಿಷರನ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು, 2023ರಲ್ಲಿ ನೂರೆರಡು ವರ್ಷಗಳ ತುಂಬುಬಾಳನ್ನು ಮುಗಿಸಿದ ಸಿ. ಆರ್. ರಾವ್ ಅವರು, 1947ರ ಪ್ರಬಂಧವೊಂದರಲ್ಲಿ ಇದೇ ಯುಕ್ತಿಗೆ ಮಣಿಯುವ ಇನ್ನೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಅವರ ಪ್ರಶ್ನೆ ತಳಿಗಳದಲ್ಲ, ಉಪಚಾರಗಳದು: ಗೊಬ್ಬರ ಹೆಚ್ಚೋ ಕಡಿಮೆಯೋ, ನಾಟಿ ಒತ್ತೋ ಅಗಲವೋ, ನೀರು ನಿಲ್ಲಿಸುವುದೋ ಬಸಿಯುವುದೋ, ಹೀಗೆ ಎರಡೆರಡು ಆಯ್ಕೆಗಳಿರುವ ಎಷ್ಟು ಸಂಶಯಗಳನ್ನು ಎಂಟೇ ಮಡಿಗಳಲ್ಲಿ ಒಟ್ಟಿಗೆ, ಒಂದರ ಪರಿಣಾಮ ಇನ್ನೊಂದರೊಡನೆ ಬೆರೆಯದಂತೆ, ಪರೀಕ್ಷಿಸಬಹುದು?

ಪ್ರತಿಯೊಂದು ಸಂಶಯವೂ ಎಂಟು ಚಿಹ್ನೆಗಳ ಒಂದು ಸಾಲು. ಒಂದು ಆಯ್ಕೆಗೆ ಧನ, ಇನ್ನೊಂದಕ್ಕೆ ಋಣ. ಬೆರೆಯಬಾರದೆಂದರೆ, ಯಾವ ಎರಡು ಸಾಲುಗಳನ್ನು ಎದುರುಬದುರಾಗಿಟ್ಟರೂ ನಾಲ್ಕು ಬಗೆಯ ಕೂಟಗಳೂ ಎರಡೆರಡು ಮಡಿಗಳಲ್ಲಿ ಬರಬೇಕು. ಆಗ ಅವುಗಳ ಗುಣಲಬ್ಧಗಳ ಮೊತ್ತ ಸೊನ್ನೆ. ಇಂಥ ಸಾಲುಗಳು ಎಂಟಿವೆಯೆಂದೂ, ಎಲ್ಲವೂ ಧನವಾಗಿರುವ ಇನ್ನೊಂದು ಸಾಲನ್ನು ಸೇರಿಸಿ ಒಂಬತ್ತಾದುವೆಂದೂ ಭಾವಿಸಿರಿ. ಒಂಬತ್ತು ಸಾಲುಗಳಿಗೆ ಮೊತ್ತಗಳನ್ನು ಬರೆದು ಎಂಟು ಮಡಿಗಳ ಶಿಲ್ಕನ್ನೂ ಸೊನ್ನೆಮಾಡಬಹುದು. ಆದರೆ ಶಿಲ್ಕುಗಳನ್ನು ವರ್ಗಮಾಡಿ ಕೂಡಿದರೆ, ಬೇರೆಬೇರೆ ಸಾಲುಗಳ ಗುಣಲಬ್ಧಗಳೆಲ್ಲ ಅಳಿದು, ವರ್ಗಗಳ ಎಂಟು ಮಡಿಯಷ್ಟು ಮಾತ್ರ ಉಳಿಯುತ್ತದೆ. ಮತ್ತೆ ಅದೇ ಅಸಂಗತ. ಎಂಟು ಮಡಿಗಳಲ್ಲಿ ಏಳಕ್ಕಿಂತ ಹೆಚ್ಚು ಸಂಶಯಗಳಿಗೆ ಉತ್ತರವಿಲ್ಲ, ಏಳಕ್ಕೆ ಮಾತ್ರ ನಿಜಕ್ಕೂ ಉಂಟು. ರಾವ್ ಅವರ ಮಿತಿಯ ಅತ್ಯಂತ ಸರಳವಾದ ರೂಪ ಇದು. ಇಂಥ ಕೋಷ್ಟಕಗಳು ಮುಂದೆ ಜಪಾನಿನ ಕಾರ್ಖಾನೆಗಳಲ್ಲಿ ತಗುಚಿ ಎಂಬ ಇಂಜಿನಿಯರನ ಕೈಸೇರಿ, ಪ್ರಯೋಗಗಳ ವೆಚ್ಚವನ್ನು ಇಳಿಸುವ ಉಪಕರಣಗಳಾದುವು.

ಇದೇ ಚಿಹ್ನೆಗಳ ಕೋಷ್ಟಕವನ್ನು ಲಿಂಗಸುಗೂರು ತಾಲೂಕಿನ ಹಟ್ಟಿಗೆ, ಚಿನ್ನ ಹುಟ್ಟುವ ನೆಲಕ್ಕೆ ಒಯ್ದರೆ, ಅದು ತೂಕದ ಸೂತ್ರವಾಗುತ್ತದೆ. ಎರಡು ತುಣುಕು ಚಿನ್ನವನ್ನು ಸ್ವಲ್ಪ ತಪ್ಪು ತೋರಿಸುವ ತಕ್ಕಡಿಯಲ್ಲಿ ಎರಡೇ ಸಲ ತೂಗಬೇಕಾಗಿದೆ ಎನ್ನಿ. ಒಂದೊಂದನ್ನೇ ಬೇರೆಬೇರೆ ತೂಗುವ ಬದಲು, ಮೊದಲು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮೊತ್ತವನ್ನೂ, ಆಮೇಲೆ ಎದುರುಬದುರು ತಟ್ಟೆಗಳಲ್ಲಿಟ್ಟು ವ್ಯತ್ಯಾಸವನ್ನೂ ಗುರುತಿಸಿಕೊಳ್ಳಿರಿ. ಮೊತ್ತಕ್ಕೆ ವ್ಯತ್ಯಾಸವನ್ನು ಕೂಡಿ ಅರ್ಧಮಾಡಿದರೆ ಒಂದರ ತೂಕ, ಕಳೆದು ಅರ್ಧಮಾಡಿದರೆ ಇನ್ನೊಂದರದು. ಎರಡು ತೂಗುವಿಕೆಗಳೂ ಎರಡು ತುಣುಕುಗಳಿಗೂ ದುಡಿದುದರಿಂದ, ಪ್ರತಿಯೊಂದನ್ನೂ ಎರಡೆರಡು ಸಲ ತೂಗಿದಷ್ಟು ನಿಖರತೆ ದೊರೆಯಿತು. ಎಂಟು ತುಣುಕುಗಳನ್ನು, ಎಂಟು ಸಲವೂ ಎಲ್ಲವನ್ನೂ ತಕ್ಕಡಿಗೇರಿಸಿ, ಚಿಹ್ನೆಗಳು ಹೇಳಿದಂತೆ ಅತ್ತಿತ್ತ ಹಂಚಿ ತೂಗಿದರೆ, ಒಂದೊಂದನ್ನೂ ಎಂಟೆಂಟು ಸಲ, ಅಂದರೆ ಒಟ್ಟು 64 ಸಲ, ತೂಗಿದಷ್ಟು ಫಲ ಎಂಟರಲ್ಲಿಯೇ ಕೈಗೂಡುವುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1944ರಲ್ಲಿ ಈ ವಿಷಯವನ್ನು ವಿಸ್ತರಿಸಿ ಬರೆದನು.

ಯಂತ್ರಗಳ ಹಂಚಿಕೆ

ಸುಗ್ಗಿಯಲ್ಲಿ ಸಿಂಧನೂರಿನ ಗದ್ದೆಗಳಿಗೆ ಕಟಾವು ಯಂತ್ರಗಳು ಬರುತ್ತವೆ. ಹಸಿ ನೆಲಕ್ಕೆ ಚೈನ್ ಮಷಿನ್, ಒಣಗಿದ ನೆಲಕ್ಕೆ ಟೈರ್ ಮಷಿನ್. ಯಂತ್ರಗಳು 20, ಊರುಗಳು 20, ಯಾವ ಯಂತ್ರ ಯಾವ ಊರಿಗೆ ಹೋಗಬಲ್ಲುದೆಂಬ ಪಟ್ಟಿ ಕೈಯಲ್ಲಿದೆ. ಎಲ್ಲ ಊರಿಗೂ ಒಂದೊಂದು ಯಂತ್ರವನ್ನು ಹಂಚಬಹುದೇ? ಹಂಚಿಕೆಯ ವಿಧಗಳನ್ನೆಲ್ಲ ಒಂದೊಂದಾಗಿ ನೋಡಹೊರಟರೆ ಅವು 24 ಸಾವಿರ ಕೋಟಿ ಕೋಟಿಗೂ ಮಿಕ್ಕಿವೆ.

ಹಂಗೇರಿಯ ಲಾಸ್ಲೋ ಲೊವಾಸ್ 1979ರಲ್ಲಿ ಸೂಚಿಸಿದ ಕ್ರಮ ವಿಚಿತ್ರವಾದುದು. ಯಂತ್ರಕ್ಕೊಂದು ಸಾಲು, ಊರಿಗೊಂದು ಕಂಬದಂತೆ ಕೋಷ್ಟಕ ಬರೆದು, ಹೋಗಬಲ್ಲ ಕಡೆಯೆಲ್ಲ ಕಣ್ಣುಮುಚ್ಚಿ ಆರಿಸಿದ ಒಂದು ಸಂಖ್ಯೆಯನ್ನೂ ಹೋಗಲಾರದ ಕಡೆ ಸೊನ್ನೆಯನ್ನೂ ತುಂಬಬೇಕು; ಆಮೇಲೆ ಆ ಕೋಷ್ಟಕದ ನಿರ್ಧಾರಕವನ್ನು ಗಣಿಸಬೇಕು. ನಿರ್ಧಾರಕವೆಂದರೆ ಸಾಧ್ಯವಾದ ಒಂದೊಂದು ಹಂಚಿಕೆಗೂ ಒಂದೊಂದು ಗುಣಲಬ್ಧದಂತೆ, ಕೆಲವನ್ನು ಕೂಡಿ ಕೆಲವನ್ನು ಕಳೆದ ಮೊತ್ತ. ಪೂರ್ಣವಾದ ಹಂಚಿಕೆಯೇ ಇಲ್ಲದಿದ್ದರೆ ಅದು ಸೊನ್ನೆಯಾಗಲೇಬೇಕು. ಇದ್ದರೆ, ಸಂಖ್ಯೆಗಳನ್ನು 1ರಿಂದ 1,00,000ದವರೆಗಿನವುಗಳಿಂದ ಆರಿಸಿದಾಗ, ಅದು ಆಕಸ್ಮಿಕವಾಗಿ ಸೊನ್ನೆಯಾಗಿ ನಮ್ಮನ್ನು ವಂಚಿಸುವ ಸಂಭವ 5,000ದಲ್ಲಿ ಒಂದನ್ನು ಮೀರದು. ಎರಡು ಸಲ ಮಾಡಿದರೆ ಎರಡೂವರೆ ಕೋಟಿಯಲ್ಲಿ ಒಂದನ್ನು ಮೀರದು. ಕೋಟಿ ಕೋಟಿ ಪದಗಳಿರುವ ಈ ಮೊತ್ತವನ್ನು ಮಹಾವೀರಾಚಾರ್ಯನ ಹಣ್ಣಿನ ಲೆಕ್ಕದಂತೆ ಅಜ್ಞಾತಗಳನ್ನು ತೊಲಗಿಸುತ್ತ ಹೋಗಿ, ಕೆಲವೇ ಸಾವಿರ ಗುಣಾಕಾರಗಳಲ್ಲಿ ಕಂಡುಹಿಡಿಯಬಹುದೆಂಬುದೇ ಇಲ್ಲಿಯ ಚಮತ್ಕಾರ. ಏಕೆಂದರೆ ನಿರ್ಧಾರಕ ಸೊನ್ನೆಯೆಂಬುದೂ, ಕೋಷ್ಟಕದ ಸಾಲುಗಳಿಗೆ ಸೊನ್ನೆ ಶಿಲ್ಕಿನ ಖಾತೆಯೊಂದು ಉಂಟೆಂಬುದೂ ಒಂದೇ ಮಾತು. ಹಂಚಿಕೆಯನ್ನು ನಿರ್ಣಯಿಸಲು ಬೇರೆ ಒಳ್ಳೆಯ ಕ್ರಮಗಳೂ ಇವೆ. ಆದರೆ ಕೆಲಸವನ್ನು ಅನೇಕ ಗಣಕಯಂತ್ರಗಳಿಗೆ ಏಕಕಾಲದಲ್ಲಿ ಹಂಚಿಕೊಡುವ ಅನುಕೂಲ ಈ ಬೀಜಗಣಿತದ ಮಾರ್ಗಕ್ಕೆ ವಿಶೇಷ. ಚೆನ್ನೈನ ಮೀನಾ ಮಹಾಜನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ವಿನಯ್ 1997ರಲ್ಲಿ, ರೇಖೀಯ ಬೀಜಗಣಿತಕ್ಕೆ ಜೋಡಣೆಯ ಗಣಿತವು ತೆರಬೇಕಾದ ಋಣವನ್ನು ತೀರಿಸಿದಂತೆ ವಿಲೋಮವಾಗಿ ನಡೆದು, ಚುಕ್ಕೆಗೆರೆಗಳ ಜಾಲದಲ್ಲಿ ಹೊರಟಲ್ಲಿಗೇ ಮರಳುವ ನಡಿಗೆಗಳನ್ನು ಎಣಿಸುವುದರಿಂದಲೇ, ಒಂದೂ ಭಾಗಾಕಾರವಿಲ್ಲದೆ, ನಿರ್ಧಾರಕವನ್ನು ಪಡೆಯುವ ಕ್ರಮವನ್ನು ಕೊಟ್ಟರು.

ಮಿತಿಯೂ ಸಿದ್ಧಿಯೂ

ಸೊನ್ನೆ ಶಿಲ್ಕಿನ ಯುಕ್ತಿ ಆಗದೆಂಬುದನ್ನು ನಿಸ್ಸಂದಿಗ್ಧವಾಗಿ ಹೇಳುತ್ತದೆ. ಆಗುವುದೆಂದು ಹೇಳುವ ಅಧಿಕಾರ ಅದಕ್ಕಿಲ್ಲ. ಏಳು ಗದ್ದೆಗಳ ಏರ್ಪಾಟನ್ನು ನಾವು ಮಾಡಿ ತೋರಿಸಬೇಕಾಯಿತೇ ಹೊರತು ಫಿಷರನ ನಿಯಮದಿಂದ ಅದು ಹುಟ್ಟಿಬರಲಿಲ್ಲ. ಹಾಗೆಯೇ ಎಲ್ಲ ಸಾಲುಗಳೂ ಪರಸ್ಪರ ಬೆರೆಯದೆ, ಮಿತಿಯನ್ನು ಪೂರ್ತಿಯಾಗಿ ಮುಟ್ಟುವ ಧನಋಣಗಳ ಕೋಷ್ಟಕ ನಾಲ್ಕರ ಪ್ರತಿಯೊಂದು ಅಪವರ್ತ್ಯಕ್ಕೂ ಇದೆಯೇ ಎಂಬ ಪ್ರಶ್ನೆ, ಫ್ರಾನ್ಸಿನ ಆಡಮಾರನು 1893ರಲ್ಲಿ ಅಂಥ ಕೋಷ್ಟಕಗಳ ವಿಚಾರವನ್ನು ಎತ್ತಿದಂದಿನಿಂದ ಇಂದಿನವರೆಗೂ ತೀರ್ಮಾನವಾಗಿಲ್ಲ.

111 ತಳಿಗಳು, ಗದ್ದೆಗೆ 11 ಮಡಿಗಳು, 111 ಗದ್ದೆಗಳು, ಜೋಡಿಗೆ ಒಂದೇ ಭೇಟಿ: ಈ ಏರ್ಪಾಟು ಎಣಿಕೆಯ ಎಲ್ಲ ಪರೀಕ್ಷೆಗಳಲ್ಲಿಯೂ ಫಿಷರನ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತದೆ. ಆದರೂ ಅದು ಅಸಾಧ್ಯವೆಂದು ಕೆನಡಾದ ಕ್ಲೆಮೆಂಟ್ ಲ್ಯಾಮ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಗದ್ದೆಗಳ ಸಾಲುಗಳನ್ನು ಸಮಬೆಸಗಳ ಲೆಕ್ಕದಲ್ಲಿ ಕೂಡಿದಾಗ ಏನೇನು ಉಂಟಾಗಬಹುದೆಂಬುದನ್ನು ರೇಖೀಯ ಬೀಜಗಣಿತದಿಂದ ಮೊದಲು ನಿಷ್ಕರ್ಷಿಸಿ, ಶೋಧಿಸಬೇಕಾದ ಕ್ಷೇತ್ರವನ್ನು ಹಾಗೆ ಕಿರಿದುಮಾಡಿಕೊಂಡ ಮೇಲೆಯೂ, ಉಳಿದ ಸಾಧ್ಯತೆಗಳನ್ನು ತೀರಿಸಲು ಮಹಾಗಣಕಯಂತ್ರವು ಬಹುದೀರ್ಘಕಾಲ ದುಡಿಯಬೇಕಾಯಿತು. ಇನ್ನೂ ಇತ್ಯರ್ಥವಾಗದವುಗಳಲ್ಲಿ ಅದರ ಮುಂದಿನದಾದ 157 ತಳಿ, 157 ಗದ್ದೆ, ಗದ್ದೆಗೆ 13 ಮಡಿಗಳ ಏರ್ಪಾಟನ್ನು ಕಟ್ಟಿ ತೋರಿಸಿದವರೂ ಇಲ್ಲ, ಅದು ಆಗದೆಂದು ಸಾಧಿಸಿದವರೂ ಇಲ್ಲ. 156 ಗದ್ದೆಗಳಿಂದ ಮಾತ್ರ ಆ ಕೆಲಸ ಎಂದಿಗೂ ಆಗದೆಂಬುದನ್ನು, ಇಲ್ಲಿಯವರೆಗೆ ಓದಿದವರು ಯಾವ ಯಂತ್ರದ ನೆರವೂ ಇಲ್ಲದೆ ಹೇಳಬಲ್ಲರು.